ಕೈಗೆ ಪ್ಲಾಸ್ಟರ್ ಇದೆ, ವುಳೂ (ನಮಾಝಿಗೆ ಮುನ್ನ ಅಂಗ ತೊಳೆಯುವುದು) ಮಾಡುವುದು ಹೇಗೆ?

ಬಂಟ್ವಾಳದವ:
ಅಸ್ಸಲಾಮು ಅಲೈಕುಂ. ಒಂಬತ್ತು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಅಂಗೈಯಿಂದ ಮೊಣಕೈ ಹತ್ತಿರದವರೆಗೆ ಪ್ಲಾಸ್ಟರ್. ಬೆರಳುಗಳು ಹೊರಗಿವೆ, ಮೊಣಕೈ ಕೆಳಗೆ ನಾಲ್ಕು ಬೆರಳಗಲ ಚರ್ಮ ಕಾಣುತ್ತದೆ, ಅಷ್ಟೇ. ಆರು ವಾರ ಬಿಚ್ಚುವಂತಿಲ್ಲ, ನೆನೆಸುವಂತಿಲ್ಲ.

ಮದ್‌ಹಬ್ (ಧಾರ್ಮಿಕ ನಿಯಮಗಳ ಪಂಥ) ನೋಡಿದರೆ ನಾನು ಶಾಫಿ. ಹೆಂಡತಿ ಹುಬ್ಬಳ್ಳಿಯವಳು, ಹನಫಿ. "ಒದ್ದೆ ಕೈಯಲ್ಲಿ ಪ್ಲಾಸ್ಟರ್ ಮೇಲೆ ಒಂದ್ಸಲ ಸವರಿ, ಮುಗೀತು" ಅನ್ನುತ್ತಾಳೆ. ಊರಿಂದ ಉಮ್ಮನ ಫೋನ್: "ಅಷ್ಟು ಸಾಲದು, ತಯಮ್ಮುಮ್ಮೂ (ಶುದ್ಧ ಮಣ್ಣಿನಿಂದ ಮುಖ, ಕೈ ಸವರುವುದು) ಬೇಕು." ಬೆಂಗಳೂರಿನ ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿ? ಬಾಲ್ಕನಿಯ ದಾಸವಾಳದ ಕುಂಡದಿಂದ ಒಂದು ಹಿಡಿ ತೆಗೆದು, ತಟ್ಟೆಯಲ್ಲಿ ಒಣಗಿಸಿ ಇಟ್ಟಿದ್ದೇನೆ. ಇಬ್ಬರಲ್ಲಿ ಯಾರ ಮಾತು ಸರಿ?

ಹಳೇ ಹುಬ್ಬಳ್ಳಿ:
ನಮ್ಮ ಹನಫಿಯಲ್ಲಿ ಅಕ್ಕ (ನಿಮ್ಮ ಹೆಂಡತಿ) ಹೇಳಿದ್ದೇ ಸರಿ. ಕಾಣುವ ಜಾಗ ತೊಳೆಯಿರಿ, ಪ್ಲಾಸ್ಟರ್ ಮೇಲೆ ಮಸಹ್ (ಒದ್ದೆ ಕೈ ಸವರುವುದು) ಮಾಡಿರಿ, ವುಜೂ (ವುಳೂ) ಆಯ್ತು. ಬೇರೆ ತಯಮ್ಮುಮ್ ಬೇಡ. ಆಮೇಲೆ ನಮಾಜ್ ಮತ್ತೆ ಮಾಡುವುದೂ ಇಲ್ಲ. ಕೈ ಹಿಂಡಿ ಸವರಿದರೆ ಸಾಕು, ಪ್ಲಾಸ್ಟರ್ ನೆನೆಯುವುದಿಲ್ಲ.

ದರ್ಸಿನ ಹುಡುಗ:
ಉಮ್ಮ ಹೇಳಿದ್ದು ಶಾಫಿ ಮದ್‌ಹಬಿನ ಮಾತೇ. ಮುಖ ತೊಳೆದು, ಬಲಗೈ ತೊಳೆದು, ಎಡಗೈಯ ಕಾಣುವ ಭಾಗ ತೊಳೆದು, ಪ್ಲಾಸ್ಟರಿಡೀ ಒದ್ದೆ ಕೈ ಸವರಿ. ತಯಮ್ಮುಮ್ ಅಲ್ಲೇ ಮಾಡಬೇಕು, ತಲೆ ಸವರುವ ಮೊದಲೇ. ನಮಗೆ ಕ್ರಮವೂ ಫರ್ಳ್ (ಕಡ್ಡಾಯ) ಅಲ್ವಾ. ವುಳೂ ಮುರಿಯದಿದ್ದರೂ ಮುಂದಿನ ಫರ್ಳ್ ನಮಾಝಿಗೆ ತಯಮ್ಮುಮ್ ಮಾತ್ರ ಹೊಸದಾಗಿ ಮಾಡಬೇಕು.

ಆದರೆ ಆ ಕುಂಡದ ಮಣ್ಣು! ನರ್ಸರಿಯಿಂದ ತಂದದ್ದಾದರೆ ಅದರಲ್ಲಿ ಮಣ್ಣಿಗಿಂತ ತೆಂಗಿನ ನಾರಿನ ಪುಡಿಯೇ ಜಾಸ್ತಿ ಇರುತ್ತದೆ, ಜೊತೆಗೆ ಸಗಣಿ ಗೊಬ್ಬರ. ನಮ್ಮಲ್ಲಿ ಸಗಣಿ ನಜೀಸ್ (ಅಶುದ್ಧ). ಧೂಳೇಳುವ ಶುದ್ಧ ಮಣ್ಣೇ ಬೇಕು. ಹನಫಿಯವರಿಗೆ ಈ ಕಷ್ಟ ಇಲ್ಲ, ಧೂಳಿಲ್ಲದ ಕಲ್ಲೂ ಆಗುತ್ತದೆ.

ಇನ್ನೊಂದು, ಬೇಜಾರಾಗಬೇಡಿ. ಕೈ ಅಂದರೆ ತಯಮ್ಮುಮ್ಮಿನಲ್ಲಿ ಸವರುವ ಅಂಗವೇ. ಪ್ಲಾಸ್ಟರ್ ಅಲ್ಲೇ ಇದ್ದರೆ, ಬಿಚ್ಚಿದ ಮೇಲೆ ಆ ನಮಾಝ್‌ಗಳನ್ನು ಮತ್ತೆ ಮಾಡಬೇಕು ಎಂಬುದೇ ಮದ್‌ಹಬಿನ ಬಲವಾದ ಮಾತು. ಕಾಲಿಗಾಗಿದ್ದು, ವುಳೂ ಇರುವಾಗಲೇ ಕಟ್ಟಿಸಿದ್ದರೆ ಅದೂ ಇರುತ್ತಿರಲಿಲ್ಲ.

ಬಂಟ್ವಾಳದವ:
ಆರು ವಾರಕ್ಕೆ 210 ಫರ್ಳ್! ಬಿದ್ದಾಗ ಕಾಲಾದರೂ ಮುಂದೆ ಹೋಗಬಾರದಿತ್ತೇ? ಈ ಆರು ವಾರ ಹೆಂಡತಿಯ ಮದ್‌ಹಬ್ ಹಿಡಿದರೆ ಆಗದಾ?

ದರ್ಸಿನ ಹುಡುಗ:
ಕಷ್ಟಕ್ಕೆ ಇನ್ನೊಂದು ಮದ್‌ಹಬ್ ಹಿಡಿಯಲು ದಾರಿ ಇದೆ, ನಿಮ್ಮ ಉಸ್ತಾದರಲ್ಲಿ ಕೇಳಿ. ಹಿಡಿದರೆ ಅವರ ನಿಯಮವನ್ನೂ ಹಿಡಿಯಬೇಕು. ತಲೆಯ ಕಾಲು ಭಾಗ ಸವರಬೇಕು, ನಾಲ್ಕು ಕೂದಲು ಮುಟ್ಟಿ ಬಿಟ್ಟರೆ ಸಾಲದು. ಗಾಯದಿಂದ ರಕ್ತ ಹರಿದರೆ ವುಳೂ ಹೋಯಿತು. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಬೇಡ.

ಮೂರು ಮಕ್ಕಳ ತಾಯಿ:
ಬಲಗೈ ತೊಳೆಯುವ ಚಿಂತೆ ಬೇಡ. ಉಜ್ಜಲೇಬೇಕು ಅಂತ ಶಾಫಿಯಲ್ಲೂ ಇಲ್ಲ, ಹನಫಿಯಲ್ಲೂ ಇಲ್ಲ. ನಲ್ಲಿ ಕೆಳಗೆ ಹಿಡಿದು ನೀರು ಹರಿಸಿ. ನಮ್ಮವರಿಗೆ ಹೀಗಾದಾಗ ಚಿಕ್ಕ ಮಗಳು ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದಳು. ಬೆರಳು ತೊಳೆಯುವಾಗ ಕೈ ಕೆಳಕ್ಕೆ ಇಳಿಬಿಡಿ. ಇಲ್ಲದಿದ್ದರೆ ನೀರು ಒಳಗೆ ಇಳಿದು ರಾತ್ರಿಯಿಡೀ ತುರಿಕೆ.

ಬಂಟ್ವಾಳದವ:
ಎಲ್ಲರಿಗೂ ಜಝಾಕಲ್ಲಾಹ್. ಕುಂಡದ ಮಣ್ಣು ಕುಂಡಕ್ಕೇ ಹೋಯಿತು. ನಾಳೆ ರಾತ್ರಿ ಬಸ್ಸಿಗೆ ತಮ್ಮ ಬರುತ್ತಾನೆ, ಅಂಗಳದ ಕೆಂಪು ಮಣ್ಣು ಜರಡಿ ಹಿಡಿದು ಬಿಸ್ಕೆಟ್ ಡಬ್ಬದಲ್ಲಿ ಕಳಿಸುತ್ತಾರಂತೆ ಉಮ್ಮ. ಶುಕ್ರವಾರ ಉಸ್ತಾದರನ್ನು ಕೇಳುತ್ತೇನೆ. ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ದಿನಕ್ಕೆ ಐದು ಗೆರೆ ಎಳೆಯುತ್ತಿದ್ದೇನೆ. ಹೆಂಡತಿ ನೋಡಿ ನಗುತ್ತಾಳೆ.