ಒಳಾಂಗಣ ಬ್ಯಾಡ್ಮಿಂಟನ್ ಫೋಟೊ: ಕತ್ತಲು, ಮಸುಕು, ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ

ನೆಟ್‌ಪಕ್ಕ:
ಕ್ಯಾನನ್ 1500ಡಿ, 55-250 ಲೆನ್ಸ್. ಜಿಲ್ಲಾ ಮಟ್ಟದ ಬ್ಯಾಡ್ಮಿಂಟನ್ ಪಂದ್ಯ ತೆಗೀಬೇಕು. ಮೇಲೆ ಹಳೇ ಮೆಟಲ್ ಹ್ಯಾಲೈಡ್ ದೀಪ, ಗೋಡೆ ಬದಿಗೆ ಟ್ಯೂಬ್‌ಲೈಟ್. ಲೆನ್ಸ್ ತೆರಪು ಎಫ್ 5.6, ಶಟರ್ 1/1000 ಸೆಕೆಂಡು, ಐಎಸ್‌ಒ (ಬೆಳಕಿನ ಸಂವೇದನೆ) 6400 ಇಟ್ರೆ ಫೋಟೊ ಕತ್ತಲು. 1/200ಕ್ಕೆ ಇಳಿಸಿದ್ರೆ ಕೈ, ರಾಕೆಟ್ ಎಲ್ಲಾ ಕಲಸಿಹೋಗುತ್ತೆ. ಸಾಲದ್ದಕ್ಕೆ, ಒಂದೇ ಸೆಟ್ಟಿಂಗಲ್ಲಿ ಸಾಲಾಗಿ ತೆಗೆದ ಮೂರು ಫೋಟೊಗೆ ಮೂರು ಬಣ್ಣ. ಫ್ಲ್ಯಾಶ್ ಹಾಕೋ ಹಾಗಿಲ್ಲ. ಕ್ಯಾಮೆರಾ ಬಾಡಿ ಬದಲಿಸಲಾ, ಲೆನ್ಸ್ ಬದಲಿಸಲಾ?

ಬೆಳಕುಲೆಕ್ಕ:
ಮೊದಲು ಲೆನ್ಸ್. ಎಫ್ 5.6ರಿಂದ 1.8ಕ್ಕೆ ಹೋದರೆ ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಮಂಕು ಹಾಲ್‌ಗಳಲ್ಲಿ 1/1000ಕ್ಕೆ ಎಫ್ 2.8ರಲ್ಲಿ ಐಎಸ್‌ಒ 6400 ಬೇಕಾಗುತ್ತದೆ ಅಂದುಕೊಳ್ಳಿ. ಅದೇ ಬೆಳಕಿಗೆ ಎಫ್ 1.8ರಲ್ಲಿ 2500 ಸಾಕು, ಎಫ್ 5.6ರಲ್ಲಿ 25600 ಬೇಕು. ನಿಮ್ಮ ಬಾಡಿ 6400ಕ್ಕೆ ನಿಲ್ಲುತ್ತದೆ, ಐಎಸ್‌ಒ ವಿಸ್ತರಣೆ ಆನ್ ಮಾಡಿದರೆ 12800. ಅಂದರೆ 6400ರಲ್ಲಿ ಎರಡು ಸ್ಟಾಪ್ (ನಾಲ್ಕು ಪಟ್ಟು) ಕೊರತೆ, ಅದೇ ಆ ಕತ್ತಲು. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ನೆರಳಿನ ಜಾಗದಲ್ಲೆಲ್ಲ ಕಾಳು (ನಾಯ್ಸ್) ಏಳುತ್ತದೆ. ಕಡಿಮೆ ಐಎಸ್‌ಒದಲ್ಲಿ ಕತ್ತಲಾಗಿ ತೆಗೆಯುವುದಕ್ಕಿಂತ ಹೆಚ್ಚು ಐಎಸ್‌ಒದಲ್ಲಿ ಸರಿಯಾಗಿ ತೆಗೆದದ್ದೇ ಚೊಕ್ಕ.

ಎಂ (ಮ್ಯಾನುಯಲ್) ಮೋಡ್, ಐಎಸ್‌ಒ ಕೂಡ ಕೈಯಾರೆ. ಆಟೊದಲ್ಲೇ ಬಿಟ್ಟರೆ ಹಿಂದಿನ ಕಡುಹಸಿರು ಗೋಡೆ ನೋಡಿ ಕ್ಯಾಮೆರಾ ಮೋಸಹೋಗುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಅಳೆಯಬೇಕಾದ್ದು ಆಟಗಾರರ ಮುಖ.

ಚೋಕ್‌ಸ್ಟಾರ್ಟರ್:
ಬಣ್ಣ ಬದಲಾಗೋದು ಕ್ಯಾಮೆರಾ ದೋಷ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಇರೋ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ, ಒಂದೊಂದು ಸುತ್ತಿಗೆ 10 ಮಿಲಿಸೆಕೆಂಡು. 1/1000 ಅಂದ್ರೆ 1 ಮಿಲಿಸೆಕೆಂಡು, ಆ ಸುತ್ತಿನ ಒಂದು ತುಣುಕು ಅಷ್ಟೆ. ತುಣುಕು ಏರಿನಲ್ಲಿ ಸಿಕ್ಕರೆ ಬೆಳ್ಳಗೆ, ಇಳಿತದಲ್ಲಿ ಸಿಕ್ಕರೆ ಕಂದು. ಶಟರಿನ ಸೀಳು ಫ್ರೇಮ್ ದಾಟೋಕೂ ಕೆಲವು ಮಿಲಿಸೆಕೆಂಡು ಹಿಡಿಯೋದ್ರಿಂದ ಒಂದೇ ಫೋಟೊದ ಅರ್ಧ ಬೆಳಕು, ಅರ್ಧ ಮಬ್ಬು ಆಗೋದೂ ಉಂಟು.

ಪಂದ್ಯಕ್ಕೆ ಮುಂಚೆ ಫೋನನ್ನು ಸ್ಲೋ ಮೋಷನ್‌ಗೆ ಹಾಕಿ ದೀಪಗಳ ವಿಡಿಯೊ ತೆಗೀರಿ, ಯಾವುದು ಮಿಣುಕುತ್ತೆ ಅಂತ ಕಂಡುಬಿಡುತ್ತೆ. ದೀಪಗಳು ಮೂರು ಫೇಸಿಗೆ ಹಂಚಿದ್ದರೆ, ಬೇರೆ ಬೇರೆ ಫೇಸಿನ ಬೆಳಕು ಬೆರೆಯೋ ಅಂಕಣದಲ್ಲಿ ತೊಂದರೆ ಕಮ್ಮಿ, ಸಾಧ್ಯವಾದ್ರೆ ಅಲ್ಲೇ ಕೂತ್ಕೊಳ್ಳಿ. ಮಿಣುಕಿನ ಏರನ್ನೇ ಕಾದು ಶಟರ್ ಬಿಡೋ ಆ್ಯಂಟಿ-ಫ್ಲಿಕರ್ ನಿಮ್ಮ ಬಾಡಿಯಲ್ಲಿಲ್ಲ. ಮುಂದೆ ಬಾಡಿ ಬದಲಿಸೋದಾದ್ರೆ ಮೆಗಾಪಿಕ್ಸೆಲ್ ಬಿಡಿ, ಇದಿದೆಯಾ ಅಂತ ಮೊದಲು ಕೇಳಿ. ಸದ್ಯಕ್ಕೆ ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲಿ ತೆಗೆದು, ಅತಿ ಬೆಳಗಿದ ಫ್ರೇಮಿನಲ್ಲೂ ಬಿಳಿ ಅಂಗಿಯ ವಿವರ ಉಳಿಯೋ ಹಾಗೆ ಸೆಟ್ ಮಾಡಿ. ಬಣ್ಣ ಸರಿಹೊಂದಿಸೋ ವೈಟ್ ಬ್ಯಾಲೆನ್ಸಿಗೆ ಬಿಳಿ ಹಾಳೆ ತೆಗೆಯುವಾಗ ಮಾತ್ರ 1/50 ಇಡಿ. ಎರಡು ಸುತ್ತು ಪೂರ್ತಿ ಸಿಗೋದ್ರಿಂದ ಸರಾಸರಿ ಬಣ್ಣ ಬರುತ್ತೆ.

ಡ್ರಾಪ್‌ಶಾಟ್:
ಎಲ್ಲದಕ್ಕೂ 1/1000 ಅನ್ನೋದನ್ನು ನಾನು ಒಪ್ಪಲ್ಲ. ಭಾರತದ ಆಟಗಾರ ಸಾತ್ವಿಕ್‌ಸಾಯಿರಾಜ್ 2023ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ಆ ವೇಗದಲ್ಲಿ 1/1000 ಸೆಕೆಂಡಿನೊಳಗೆ ಶಟಲ್ 15 ಸೆಂ.ಮೀ. ದಾಟಿರುತ್ತೆ. ಜಿಲ್ಲಾ ಮಟ್ಟದಲ್ಲಿ ಅದರ ಅರ್ಧ ಅಂದರೂ ಗೆರೆ ಎಳೆದ ಹಾಗೇ ಬರೋದು. ಹಾಗಾಗಿ ಸ್ಮ್ಯಾಶಿನ ಶಟಲ್ ಆಸೆ ಬಿಡಿ, ಜಿಗಿತದ ತುದಿಯಲ್ಲಿ ಮೈ ಒಂದು ಕ್ಷಣ ನಿಲ್ಲುತ್ತಲ್ಲ, ಅದಕ್ಕೆ 1/500 ಸಾಕು. ನೆಟ್ ಹತ್ತಿರದ ಆಟಕ್ಕೆ 1/640. ಇದರಿಂದ ಹೆಚ್ಚಾಗಿ ಸಿಗೋ ಬೆಳಕಿಗೆ ತಕ್ಕಂತೆ ಐಎಸ್‌ಒ ಇಳಿಸಿ.

ಫೋಕಸ್: ಎಐ ಸರ್ವೊ (ಓಡಾಡುವವರನ್ನು ಹಿಂಬಾಲಿಸೋ ಮೋಡ್), ಮಧ್ಯದ ಬಿಂದು ಒಂದೇ. ಒಂಬತ್ತರಲ್ಲಿ ಅದೊಂದೇ ಅಡ್ಡ-ಉದ್ದ ಎರಡೂ ಗೆರೆ ಗುರುತಿಸೋ ಕ್ರಾಸ್ ಬಿಂದು, ಮಂಕಿನಲ್ಲಿ ಉಳಿದವು ತಡಕಾಡುತ್ತವೆ. ಎದುರು ಅಂಕಣದವರನ್ನು ತೆಗೆಯುವಾಗ ಅದು ನೆಟ್ಟನ್ನೇ ಹಿಡಿದುಕೊಳ್ಳುತ್ತೆ, ಅದಕ್ಕೆ ಬಿಂದುವನ್ನು ನೆಟ್ಟಿನ ಬಿಳಿ ಪಟ್ಟಿಗಿಂತ ಮೇಲೆ, ಎದೆ-ಮುಖದ ಮೇಲೆ ಇಡಿ. ಸೆಕೆಂಡಿಗೆ ಮೂರೇ ಫ್ರೇಮ್, ಸಾಲಾಗಿ ತೆಗೆಯೋ ಬರ್ಸ್ಟ್ ನಂಬಬೇಡಿ. ಹೊಡೆದ ಸದ್ದು ಕೇಳಿ ಒತ್ತಿದರೆ ತಡವಾಯ್ತು. ತೋಳು ಹಿಂದಕ್ಕೆ ಹೋಗಿ ಮುಂದೆ ಬರೋಕೆ ಶುರುವಾದಾಗಲೇ ಒತ್ತಿ. ಬೀಪ್ ಸದ್ದು ಆಫ್, ಸರ್ವ್ ಮಾಡೋವಾಗ ಶಟರ್ ಕೂಡ ಬೇಡ.

ನೆಟ್‌ಪಕ್ಕ:
ಧನ್ಯವಾದ. 50 ಎಂಎಂ 1.8 ಸಾಕಾ, 85 ಬೇಕೇ ಬೇಕಾ? ಬೆಲೆ ಅಜಗಜಾಂತರ.

ಬೆಳಕುಲೆಕ್ಕ:
ಕೂರುವ ಜಾಗ ನೋಡಿ ತೀರ್ಮಾನಿಸಿ. ಕ್ಯಾಮೆರಾ ಲಂಬವಾಗಿ ಹಿಡಿದರೆ ನಿಮ್ಮ ಬಾಡಿಯಲ್ಲಿ 50 ಎಂಎಂಗೆ 6 ಮೀಟರ್ ದೂರದಲ್ಲಿ ಸುಮಾರು 2.7 ಮೀಟರ್ ಎತ್ತರ ಕಾಣುತ್ತದೆ, ಜಿಗಿದ ಆಟಗಾರ ರಾಕೆಟ್ ಸಮೇತ ಹಿಡಿಸುತ್ತಾನೆ. 85ರಲ್ಲಿ ಅಷ್ಟೇ ಚೌಕಟ್ಟು 10 ಮೀಟರಿನಿಂದ. ಅಂಕಣದ ಉದ್ದ 13.4 ಮೀಟರ್. ಪಕ್ಕದ ಗೆರೆಯ ಬಳಿ ಕೂರಲು ಬಿಟ್ಟರೆ 50 ಸಾಕು. ಬೇಸ್‌ಲೈನ್ ಹಿಂದೆ ಕೂತು ಎದುರಿನವರ ಮುಖ ಬೇಕೆಂದರೆ 85. ಎರಡರಲ್ಲೂ ಈ ದೂರಕ್ಕೆ ಫೋಕಸ್ ಆಳ ಒಂದು ಮೀಟರಿನ ಆಸುಪಾಸು, ಡಬಲ್ಸ್‌ನಲ್ಲಿ ಇಬ್ಬರೂ ಸ್ಪಷ್ಟವಾಗಿ ಬರುವುದು ಅಪರೂಪ. 85ರಲ್ಲಿ ಪೂರ್ತಿ ತೆರೆದರೆ ಬಿಳಿ ಶಟಲ್ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಳ್ಳುತ್ತದೆ, ತೆರಪನ್ನು ಎಫ್ 2.2ಕ್ಕೆ ಕಿರಿದಾಗಿಸಿದರೆ ಕಡಿಮೆಯಾಗುತ್ತದೆ.