ಮಗಳ ಸ್ಕೂಲಲ್ಲಿ ವಾಲಂಟಿಯರ್ ಆಗ್ಬೇಕು, ಎಲ್ಲಿಂದ ಶುರು ಮಾಡೋದು? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಹಾಸನದ ಹುಡ್ಗಿ:
ಎಲ್ರಿಗೂ ನಮಸ್ಕಾರ. ಬೆಂಗಳೂರಿಂದ ಇಲ್ಲಿಗೆ ಬಂದು ಇನ್ನೂ ವರ್ಷ ಆಗಿಲ್ಲ, ಮಗಳು ಸೆಕೆಂಡ್ ಗ್ರೇಡ್. ಸ್ಕೂಲಿಂದ ದಿನಾ ಮೇಲ್, ಬುಕ್ ಫೇರ್‌ಗೆ ಜನ ಬೇಕು, ಫೀಲ್ಡ್ ಟ್ರಿಪ್‌ಗೆ ಜನ ಬೇಕು, ಪಿಟಿಎ (ಪೇರೆಂಟ್ಸ್-ಟೀಚರ್ಸ್ ಸಂಘ) ಸೇರಿ ಅಂತ. ಊರಲ್ಲಿ ನಮ್ಮನ್ನ ಗೇಟ್ ದಾಟೋಕೂ ಬಿಡ್ತಿರ್ಲಿಲ್ಲ, ಪೇರೆಂಟ್ಸ್ ಮೀಟಿಂಗ್ ದಿನ ಹೋಗಿ ಸಹಿ ಹಾಕಿ ಬರೋದು ಅಷ್ಟೇ. ಇಲ್ಲಿ ಬೇರೆ ಅಮ್ಮಂದಿರು ಕ್ಲಾಸಲ್ಲೇ ಕೂತು ಓದಿಸ್ತಾರೆ, ನೀನ್ಯಾಕೆ ಬರಲ್ಲ ಅಂತಾಳೆ ಮಗಳು. ನಾನು ಗಂಡನ ಮೇಲೆ ಬಂದಿರೋ ಎಚ್4 ವೀಸಾದಲ್ಲಿದೀನಿ, ವೀಸಾಗೆ ಏನಾದ್ರೂ ತೊಂದ್ರೆ ಆಗುತ್ತಾ? ಗುಂಪಲ್ಲಿ ಇಂಗ್ಲಿಷ್ ಮಾತಾಡೋಕೂ ಧೈರ್ಯ ಸಾಲಲ್ಲ.

ಸನಿವೇಲ್ ಅಮ್ಮ:
ಸಂಬಳ ಇಲ್ದೆ ಎಲ್ಲಾ ಪೇರೆಂಟ್ಸ್ ಮಾಡೋ ಕೆಲಸ ಅದು, ಎಚ್4ನವರು ಆರಾಮಾಗಿ ಮಾಡ್ಬಹುದು. ಆಫೀಸಲ್ಲಿ ವಾಲಂಟಿಯರ್ ಫಾರ್ಮ್ ಕೇಳಿ. ಟಿಬಿ ಇಲ್ಲ ಅನ್ನೋ ಸರ್ಟಿಫಿಕೇಟ್ ಒಂದು ಬೇಕಾಗುತ್ತೆ, ಕೆಲವು ಕೆಲಸಕ್ಕೆ ಫಿಂಗರ್‌ಪ್ರಿಂಟೂ ಬೇಕು. ಮೊದಲು ಲೈಬ್ರರಿಲಿ ಪುಸ್ತಕ ಜೋಡ್ಸೋದು, ಟೀಚರ್‌ಗೆ ಪೇಪರ್ ಕತ್ತರಿಸಿ ಕೊಡೋದು ತಗೊಳ್ಳಿ, ಮಾತು ಕಮ್ಮಿ ಸಾಕು. ಒಂದೆರಡು ಸಲ ಹೋದ್ರೆ ಮುಖ ಪರಿಚಯ ತಾನಾಗೇ ಆಗುತ್ತೆ.

ಹುಬ್ಬಳ್ಳಿಯಾಂವ:
ಬರೇ ಅಮ್ಮಂದಿರಿಗೆ ಯಾಕ್ರಿ ಹೇಳ್ತೀರಿ, ಅಪ್ಪಗೋಳೂ ಹೋಗ್ಲಿ. ಕ್ಯಾಲಿಫೋರ್ನಿಯಾದಾಗ ಕಾನೂನೇ ಐತಿ, ಒಂದ ಜಾಗಾದಾಗ 25 ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇರೋ ಆಫೀಸ್ ಇದ್ರ ಮಕ್ಕಳ ಸ್ಕೂಲ್ ಕೆಲಸಕ್ಕ ವರ್ಷಕ್ಕ 40 ತಾಸು ರಜಾ ತಗೋಬಹುದು, ತಿಂಗಳಿಗೆ 8 ತಾಸು. ಮೊದ್ಲ ತಿಳಿಸ್ಬೇಕು ಅಷ್ಟ. ನನ್ನ ಮಗಳ ಶಾಲಿ ಗಾರ್ಡನ್‌ದಾಗ ನಾನs ಮಣ್ಣು ಅಗದು ಮೆಂತೆ ಹಾಕೇನ್ರಿ, ಇಡೀ ಕ್ಲಾಸ್ ತಿಂದೈತಿ!

ಹಳೇ ಮೈಸೂರು:
ಅದೆಲ್ಲ ಆಮೇಲೆ. ಅಡ್ಮಿಷನ್ ಫಾರ್ಮಲ್ಲಿ ಮನೆ ಭಾಷೆ ಏನ್ ಬರೆದ್ರಿ? ಕನ್ನಡ ಅಂತ ಬರೆದಿದ್ರೆ ಮಗೂಗೆ ಎಲ್ಪ್ಯಾಕ್ ಅಂತ ಇಂಗ್ಲಿಷ್ ಟೆಸ್ಟ್ ಕೊಡ್ತಾರೆ, ಪಾಸಾಗ್ಲಿಲ್ಲ ಅಂದ್ರೆ ಇಂಗ್ಲಿಷ್ ಲರ್ನರ್ ಅಂತ ಹಾಕಿ ಪ್ರತಿ ವರ್ಷ ಬರೆಸ್ತಾರೆ. ನಾನು ಬಂದವರಿಗೆಲ್ಲ ಹೇಳ್ತೀನಿ, ಇಂಗ್ಲಿಷ್ ಅಂತಲೇ ಬರೀರಿ.

ಸನಿವೇಲ್ ಅಮ್ಮ:
ಏನ್ ಸರ್ ಹೀಗಂತೀರಾ? ಮನೇಲಿ ಆಡೋ ಭಾಷೆ ಮುಚ್ಚಿಡೋಕೆ ಮಗೂಗೆ ನಾವೇ ಕಲಿಸ್ಬೇಕಾ? ಇಂಗ್ಲಿಷ್ ಲರ್ನರ್ಸ್ 21 ಜನ ಇದ್ರೆ ಸ್ಕೂಲಲ್ಲಿ ಅವರ ಪೇರೆಂಟ್ಸ್‌ಗೇ ಅಂತ ಕಮಿಟಿ ಇರ್ಬೇಕು, ಇಲ್ಯಾಕ್ ಅಂತಾರೆ. ಇಂಗ್ಲಿಷ್ ಭಯ ಇರೋರಿಗೆ ಅದಕ್ಕಿಂತ ಒಳ್ಳೇ ಬಾಗಿಲು ಯಾವ್ದಿದೆ?

ಹಳೇ ಮೈಸೂರು:
ಇಪ್ಪತ್ತು ವರ್ಷದಿಂದ ಇಲ್ಲಿದೀನಿ ಮೇಡಂ, ನನ್ನ ಮಗ ಬರ್ಕ್ಲಿ ಯೂನಿವರ್ಸಿಟಿಲಿ ಓದ್ದ. ನಾವು ಯಾವ ಕಮಿಟಿಗೂ ಹೋಗ್ಲಿಲ್ಲ, ಮನೇಲಿ ಕೂರಿಸಿ ಓದಿಸಿದ್ವಿ.

ಉಡುಪಿ, ಈಗ ಸ್ಯಾನ್ ಹೋಸೆ:
ನಿಮ್ಮ ಮಗ ಓದಿದ್ದು ಸಂತೋಷ ಮಾರಾಯ್ರೆ. ನನ್ನ ಮಗಳ ಸ್ಕೂಲ್ ಕಾನ್ಸರ್ಟ್ ಎಲ್ಲಾ ನಾನು ನೋಡಿದ್ದು ವಿಡಿಯೋದಲ್ಲಿ, ಆಗ ಪ್ರಾಜೆಕ್ಟ್ ಡೆಡ್‌ಲೈನ್. ಈಗ ಅವ್ಳು ಕಾಲೇಜಿಗೆ ಹೋಗಿಯಾಯ್ತು. ಹೊಸಬ್ರಿಗೆ ಹೋಗ್ಬೇಡಿ ಅಂತ ಮಾತ್ರ ಹೇಳ್ಬೇಡಿ.

ಹಳೇ ಮೈಸೂರು:
ಹೋಗ್ಬೇಡಿ ಅಂದಿಲ್ಲ. ಫಾರ್ಮ್ ಸರಿಯಾಗಿ ಬರೀರಿ ಅಂದೆ.

ಹಾಸನದ ಹುಡ್ಗಿ:
ಫಾರ್ಮಲ್ಲಿ ಕನ್ನಡ ಅಂತಲೇ ಬರೆದಿದ್ದೆ, ಅವಳು ಟೆಸ್ಟ್ ಪಾಸಾಗಿದಾಳೆ. ಟಿಬಿ ಬಗ್ಗೆ ಯಾರಾದ್ರೂ ಹೇಳಿ ಪ್ಲೀಸ್, ನಾನು ಚಿಕ್ಕವಳಿದ್ದಾಗ ನಂಗೆ ಬಿಸಿಜಿ (ಟಿಬಿ ಲಸಿಕೆ) ಹಾಕ್ಸಿದಾರೆ.

ಸನಿವೇಲ್ ಅಮ್ಮ:
ಮೊದಲು ಒಂದಷ್ಟು ಪ್ರಶ್ನೆ ಕೇಳ್ತಾರೆ, ಇಂಡಿಯಾದಲ್ಲಿ ಹುಟ್ಟಿದ್ದು ಅಂದ್ರೆ ಸಾಮಾನ್ಯವಾಗಿ ಟೆಸ್ಟ್ ಬರೆದುಕೊಡ್ತಾರೆ. ಕೈ ಚರ್ಮಕ್ಕೆ ಚುಚ್ಚಿ ನೋಡೋ ಟೆಸ್ಟ್ ಬೇಡ, ಬಿಸಿಜಿ ಆದವರಿಗೆ ಅದು ಸುಮ್ನೆ ಪಾಸಿಟಿವ್ ತೋರಿಸ್ಬಹುದು, ಆಮೇಲೆ ಎಕ್ಸ್‌ರೇ ಅಂತ ಓಡಾಡ್ಬೇಕು. ಡಾಕ್ಟರ್ ಹತ್ರ ಬ್ಲಡ್ ಟೆಸ್ಟ್ ಮಾಡಿ ಅಂತ ಕೇಳಿ, ಬಿಸಿಜಿಯಿಂದ ಅದಕ್ಕೆ ವ್ಯತ್ಯಾಸ ಆಗಲ್ಲ. ಸರ್ಟಿಫಿಕೇಟ್ 4 ವರ್ಷ ನಡೆಯುತ್ತೆ.

ಹಾಸನದ ಹುಡ್ಗಿ:
ತುಂಬಾ ಥ್ಯಾಂಕ್ಸ್ ಅಕ್ಕ. ಸೋಮವಾರ ಅಪಾಯಿಂಟ್‌ಮೆಂಟ್ ತಗೋತೀನಿ.