ಬಾನೆಟ್ ಕೆಳಗಿನ ಬ್ರೇಕ್ ಬ್ಲಾಕ್ ಯಾವುದು?

ಪ್ರಶ್ನೆ: ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಪೈಪಿಗೆ ತಳ್ಳುವ ಭಾಗ) ಹೊರಟ ಎರಡು ಪೈಪುಗಳು ಒಂದು ಅಲ್ಯೂಮಿನಿಯಂ ಬ್ಲಾಕ್ ಸೇರಿ, ಅಲ್ಲಿಂದ ನಾಲ್ಕಾಗಿ ಹೊರಡುತ್ತವೆ. ಇದು ಪ್ರಪೋರ್ಷನಿಂಗ್ ವಾಲ್ವೋ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಘಟಕವೋ? ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗಿಳಿಯುತ್ತದೆ, ಹೊರಗೆ ಸೋರಿಕೆ ಇಲ್ಲ.

ಉತ್ತರ 1: ಪೈಪ್ ಎಣಿಸಿದರೆ ಸಾಲದು, ವೈರ್ ನೋಡಿ. ದಪ್ಪ ಬಹುಪಿನ್ ಕನೆಕ್ಟರ್, ಪಕ್ಕದಲ್ಲಿ ದುಂಡನೆಯ ಮೋಟಾರ್ ಇದ್ದರೆ ಅದು ಎಬಿಎಸ್. ಪ್ರಪೋರ್ಷನಿಂಗ್ ವಾಲ್ವ್‌ಗೆ ಮೋಟಾರ್ ಇರದು. ಹಿಂದಿನ ಚಕ್ರಗಳು ಮೊದಲೇ ಲಾಕ್ ಆಗದಂತೆ ಅಲ್ಲಿಗೆ ಹೋಗುವ ಒತ್ತಡವನ್ನು ತಗ್ಗಿಸುವುದಷ್ಟೇ ಅದರ ಕೆಲಸ.

ಉತ್ತರ 2: ಪೆಡಲ್ ಇಳಿಯುವುದಕ್ಕೆ ಮೊದಲ ಅನುಮಾನ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಮೇಲೆ. ಸೀಲ್ ಸವೆದರೆ ದ್ರವ ಪಿಸ್ಟನ್ ದಾಟಿ ರಿಸರ್ವಾಯರ್‌ಗೇ (ಮೇಲಿನ ದ್ರವದ ಡಬ್ಬಿ) ಮರಳುತ್ತದೆ, ಹಾಗಾಗಿ ಮಟ್ಟವೂ ಇಳಿಯದು. ಮಟ್ಟ ಇಳಿಯುತ್ತಿದ್ದರೆ ಮಾತ್ರ ಬ್ರೇಕ್ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್‌ನ (ಡ್ರಮ್ ಒಳಗೆ ಬ್ರೇಕ್ ಶೂ ತಳ್ಳುವ ಪುಟ್ಟ ಸಿಲಿಂಡರ್) ಧೂಳುಗವಸು ಎತ್ತಿ ನೋಡಿ; ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಕೂಡುವಲ್ಲೂ ಒದ್ದೆ ಇದೆಯೇ ಗಮನಿಸಿ. ಬೂಸ್ಟರ್ ಎಂದರೆ ಮಾಸ್ಟರ್ ಸಿಲಿಂಡರ್ ಹಿಂದಿರುವ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ದೊಡ್ಡ ಕಪ್ಪು ಡಬ್ಬಿ. ಎಂಜಿನ್ ಆರಿಸಿ ಪೆಡಲ್ ನಾಲ್ಕೈದು ಸಲ ಒತ್ತಿ, ಹಿಡಿದುಕೊಂಡೇ ಸ್ಟಾರ್ಟ್ ಮಾಡಿ: ಪೆಡಲ್ ತುಸು ಕುಸಿದರೆ ಬೂಸ್ಟರ್ ಸರಿಯಿದೆ. ಈ ಕುಸಿತವನ್ನೇ ದೋಷವೆಂದುಕೊಳ್ಳುವವರು ಬಹಳ.

ಉತ್ತರ 3: ಮಾಸ್ಟರ್ ಸಿಲಿಂಡರ್ ಬದಲಿಸಿದರೆ ಜೋಡಿಸುವ ಮುನ್ನ ಬೆಂಚ್ ಮೇಲೆಯೇ ಅದರೊಳಗಿನ ಗಾಳಿ ತೆಗೆಯಿರಿ. ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಹೋಸ್‌ನ ಬ್ಯಾಂಜೋ ಬೋಲ್ಟ್ (ದ್ರವ ಹರಿಯಲು ಒಳಗೆ ರಂಧ್ರವಿರುವ ಬೋಲ್ಟ್) ಬಿಚ್ಚಿದರೆ ಎರಡೂ ತಾಮ್ರದ ವಾಷರ್ ಹೊಸವೇ ಇರಲಿ. ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಎಡ ಬಲ ಕ್ಯಾಲಿಪರ್ ಅದಲುಬದಲಾಗಿ ಅದು ಕೆಳಗೆ ಬಂದರೆ ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಹೋಗದು. ಡಾಟ್ 4 ದರ್ಜೆಯ ಬ್ರೇಕ್ ದ್ರವ ಬಳಸುವ ಕಾರಿಗೆ ಸಿಲಿಕೋನ್ ಆಧಾರಿತ ಡಾಟ್ 5 ಬೆರೆಸಬೇಡಿ.